ಗುಟುಕು ಕೊಡುವ ಹೊತ್ತು

"ಏಯ್, ಕಾಲು ಚಾಚ್ಕೊಂಡು ಕೂರೋಕೆ ಇದೇನು ನಿಮ್ಮಪ್ಪನ ತೋಟಾನಾ? ಏಳೇ ಸೋಮಾರಿ ಮುಂಡೇದೆ, ಗೂಟ ಎತ್ತು!"

ಮೇಸ್ತ್ರಿಯ ಕೂಗಿಗೆ ಸೊಸೆ ಎದ್ದಳು. ಮಗು ತೆರೆದ ಬಾಯಿ ತೆರೆದಂತೆಯೇ ಅತ್ತೆಯ ತೋಳಿಗೆ ಮರಳಿತು.

ಕಾಡಿನ ಕಾಲುದಾರಿ ಮುಗಿದು ಕಡಲಿನ ಮರಳು ಮೊದಲಾಗುವಲ್ಲಿ ಹಕ್ಕಿಗಳು ಮರಿ ಮಾಡಿದ್ದವು. ಗೂಡುಗಳ ಸುತ್ತ ಗೂಟ ನೆಟ್ಟು, ಹಗ್ಗ ಬಿಗಿದು, ಎಚ್ಚರಿಕೆ ಬರೆದ ಹಲಗೆ ತೂಗುಹಾಕುವುದು ನಮ್ಮ ಕೆಲಸ. ಮರಿ ಹಾರುವ ತನಕ ಹಗ್ಗ ಬಿಚ್ಚಬಾರದೆಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಗೂಡಿನ ಬಳಿ ಅವನು ಚಪ್ಪಲಿಯನ್ನೂ ಕಳಚಿ ನಡೆಯುತ್ತಿದ್ದ. ಅಷ್ಟು ಮೃದು ಹೃದಯ.

"ಸ್ವಾಮಿ, ಕೂಸು ಬೆಳಗಿಂದ ಹಸ್ಕೊಂಡಿದೆ," ಎಂದಳು ಅತ್ತೆ.

"ನೋಡೋಕೆ ಬಂದೋರ ಕಣ್ಣಿಗೆ ಇದೆಲ್ಲ ಬೀಳಬಾರ್ದು. ಇನ್ನೊಂದ್ಸಲ ಕೂತ್ರೆ ನಾಳೆಯಿಂದ ಬರೋದೇ ಬೇಡ."

ಅವನು ಕಾಡಿನತ್ತ ನಡೆದ. ಸೊಸೆಯ ರವಿಕೆ ಒದ್ದೆಯಾಗಿತ್ತು.

"ಅತ್ತೆ, ಮುಂದಿನ ಜನ್ಮದಲ್ಲಿ ನಂಗೂ ರೆಕ್ಕೆ ಬರ್ಲಿ ಅಂತ ಬೇಡ್ಕೊಳ್ಳಿ."

"ಕೊಕ್ಕು ಈಗ್ಲೇ ಇದೆಯಲ್ಲೇ! ಮದ್ವೆಗೆ ಮುಂಚೇನೇ ನನ್ನ ಮಗನಿಗೆ ಹೇಳಿದ್ದೆ, ಮೂಗು ನೋಡೋ ಅಂತ."

"ನೋಡೇ ಕಟ್ಕೊಂಡ್ರು. ಮನೇಲಿ ಅಂಥದ್ದೇ ಒಂದು ನೋಡಿ ಅಭ್ಯಾಸ ಆಗಿತ್ತಂತೆ."

ಅತ್ತೆ ನಕ್ಕು ತನ್ನ ಮೂಗನ್ನು ಸವರಿಕೊಂಡಳು. ಮಗು ಚೀರಿತು. ನಗು ನಿಂತಿತು. ಅತ್ತೆ ಮಿಕ್ಕಿದ್ದ ಹಲಗೆಯೊಂದನ್ನು ನನ್ನ ಮುಂದೆ ಹಿಡಿದಳು.

"ಅಣ್ಣಾ, ನಿಂಗೆ ಓದು ಬರತ್ತಲ್ಲ. ಏನು ಬರ್ದಿದಾನೆ?"

"ತಾಯಿ ಮರಿಗೆ ಗುಟುಕು ಕೊಡುವ ಹೊತ್ತು. ದೂರ ನಿಲ್ಲಿ. ಸದ್ದು ಮಾಡಬೇಡಿ."

"ಯಾವ ತಾಯಿ ಅಂತ ಬರ್ದಿದಾನಾ?"

"ಇಲ್ಲ. ಬರೀ ತಾಯಿ."

"ಹಂಗಾದ್ರೆ ಹೊಡಿ ಗೂಟ."

ಹೊಡೆದೆ. ಸೊಸೆಯ ಸುತ್ತ ನಾಲ್ಕು ಗೂಟ, ಒಂದು ಸುತ್ತು ಹಗ್ಗ, ಹಗ್ಗಕ್ಕೆ ಹಲಗೆ. ಅವಳು ಮರಳಿನ ಮೇಲೆ ಕುಳಿತು ಸೆರಗಿನ ಮರೆಗೆ ಮಗುವನ್ನು ಎಳೆದುಕೊಂಡಳು. ಚೀರಾಟ ನಿಂತು, ಅಲೆಗಳ ಸದ್ದು ಮೊದಲ ಬಾರಿಗೆ ನಮಗೆ ಕೇಳಿಸಿತು.

ಪ್ರವಾಸಿಗರು ಕಾಲುದಾರಿಯಿಂದ ಇಳಿದು ಬಂದರು, ಹಲಗೆ ಓದಿದರು, ನಿಂತರು. ಒಬ್ಬಾತ ದುರ್ಬೀನು ಎತ್ತಿದ. ಅತ್ತೆ ಗೂಟ ಎತ್ತಿದಳು. ದುರ್ಬೀನು ಇಳಿಯಿತು.

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. "ಏಯ್! ಯಾರೇ ನಿಂಗೆ—"

"ಶ್!" ಬಿಳಿಗೂದಲಿನ ಪ್ರವಾಸಿ ಹೆಂಗಸೊಬ್ಬಳು ತುಟಿಯ ಮೇಲೆ ಬೆರಳಿಟ್ಟಳು. "ಬೋರ್ಡ್ ಓದೋಕೆ ಬರಲ್ವೇನ್ರೀ?"

ತಾನೇ ಬರೆಸಿದ ಅಕ್ಷರಗಳನ್ನು ಮೇಸ್ತ್ರಿ ನೋಡಿದ. ಅವನ ದನಿ ಪಿಸುಮಾತಿಗೆ ಇಳಿಯಿತು.

"ಈಗ್ಲೇ ಕೀಳು ಇದನ್ನ. ಇಲ್ಲಾಂದ್ರೆ ಇಬ್ಬರಿಗೂ ನಾಳೆ ಕೆಲ್ಸ ಇಲ್ಲ."

"ಕೀಳೋದು ಹೆಂಗೆ ಸ್ವಾಮಿ?" ಅತ್ತೆಯೂ ಪಿಸುಗುಟ್ಟಿದಳು. "ಮರಿ ಹಾರೋ ತನಕ ಬಿಚ್ಚಬಾರ್ದು ಅಂತ ನೀವೇ ಹೇಳಿದ್ದು."

ಹಗ್ಗದೊಳಗೆ ಸೊಸೆ ತಲೆ ಎತ್ತಲಿಲ್ಲ. ಮಗುವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿಕೊಂಡಳು. ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು ನಾನು ಹಗ್ಗದ ಪಕ್ಕದಲ್ಲಿ ಕುಳಿತೆ. ದೂರದ ಗೂಡುಗಳ ಸುತ್ತ ಗೂಟ ನೆಡುತ್ತಿದ್ದವರೂ ಒಬ್ಬೊಬ್ಬರಾಗಿ ಬಂದು ಕುಳಿತರು, ಸದ್ದು ಮಾಡದೆ.