ಏಳನೇ ನಂಬರಿನ ಸ್ಟಿಕ್

ಧರಣಿಗೆ ಸ್ವಂತದ ಗಾಲ್ಫ್ ಸ್ಟಿಕ್‌ಗಳಿರಲಿಲ್ಲ. ಕ್ಲಬ್ಬಿನ ಮೆಂಬರುಗಳು ಬಿಸಾಡಿದ ಹನ್ನೊಂದನ್ನು ಅವಳಪ್ಪ ಚೆಲುವಯ್ಯ ಒಂದೊಂದಾಗಿ ಅಶೋಕಪುರಂನ ಮನೆಗೆ ತಂದು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ಕೊಟ್ಟಿದ್ದ. ಅವನು ಆ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷದಿಂದ ಕ್ಯಾಡಿ. ಮೆಂಬರುಗಳ ಚೀಲ ಹೊರುವುದು, ಅವರು ಕೈ ಚಾಚಿದರೆ ಕೇಳಿದ ಸ್ಟಿಕ್ಕನ್ನು ಒರೆಸಿ ಕೊಡುವುದು, ಹೊಡೆದಾದ ಮೇಲೆ ವಾಪಸ್ ತೆಗೆದುಕೊಳ್ಳುವುದು ಅವನ ಕೆಲಸ.

ಆ ಹನ್ನೊಂದರಲ್ಲೇ ಆಡಿ ಧರಣಿ ಭಾರತದ ತಂಡ ಸೇರಿದ್ದಳು. ಹೆಂಗಸರ ವಿಶ್ವ ಅಮೆಚೂರ್ ಟೀಮ್ ಚಾಂಪಿಯನ್‌ಶಿಪ್. ಒಂದು ದೇಶಕ್ಕೆ ಮೂವರು, ನಾಲ್ಕು ದಿನ ಆಟ. ದಿನದಿನವೂ ಚೆನ್ನಾಗಿ ಆಡಿದ ಇಬ್ಬರ ಸ್ಕೋರು ಲೆಕ್ಕಕ್ಕೆ, ಮೂರನೆಯದು ಕಸಕ್ಕೆ. ಆಯ್ಕೆಯಲ್ಲಿ ಧರಣಿ ಮೂರನೆಯವಳು. ನಾಲ್ಕನೆಯವಳು, ಮೂವರಲ್ಲಿ ಯಾರಾದರೂ ತಪ್ಪಿದರೆ ಹೋಗಬೇಕಾದವಳು, ನಜರ್‌ಬಾದಿನ ವಕೀಲ ಲಕ್ಷ್ಮೀನರಸಿಂಹ ಅವರ ಮಗಳು ರಂಜನಿ.

ಹೊರಡಲು ಒಂಬತ್ತು ದಿನ ಉಳಿದಿತ್ತು. ಬೆಳಿಗ್ಗೆ ಧರಣಿ ಕ್ಲಬ್ಬಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಚೀಲ ಚೆಲುವಯ್ಯನ ಹೆಗಲಲ್ಲಿತ್ತು. ರಂಜನಿಯ ಅಣ್ಣ ವಸಿಷ್ಠ, ಅವನೂ ಮೆಂಬರೇ, ಹುಲ್ಲು ತುಳಿದುಕೊಂಡು ನೇರ ಬಂದ.

“ಕೈ ನೋವು ಅಂತ ಒಂದು ಲೆಟರ್ ಬರೆದುಕೊಡು, ಸಾಕು. ಹೆಂಗೂ ನಿನ್ನ ಸ್ಕೋರ್ ಎಸೀತಾರೆ. ಅದಕ್ಯಾಕೆ ಅಷ್ಟು ದೂರ ಹೋಗ್ತೀಯ?”

“ಯಾರದ್ದು ಎಸೀತಾರೆ ಅನ್ನೋದು ಸಂಜೆಗಲ್ವಾ ಸಾರ್ ಗೊತ್ತಾಗೋದು? ಅರವತ್ನಾಲ್ಕರಲ್ಲಿ ಮೊದಲ್ನೇ ಸಲ ನಡೆದಾಗ ಫ್ರಾನ್ಸ್‌ನೋರು ಅಮೆರಿಕಾದೋರ್ನ ಒಂದೇ ಒಂದು ಸ್ಟ್ರೋಕಲ್ಲಿ ಸೋಲಿಸಿದ್ರು.”

“ಹಿಸ್ಟ್ರಿ ಬೇರೆ ಕೇಡು! ಚೆಲುವಯ್ಯ, ಮಗಳಿಗೆ ಬುದ್ಧಿ ಹೇಳು.”

“ಬುಡಿ ಸಾರ್, ಮಗ ಅದು. ಸುಮ್ಕಿರವ್ವ ಧರಣಿ.”

“ಯಾಕ್ ಸುಮ್ಕಿರ್ಲಿ ಅಪ್ಪ? ಸೆಲೆಕ್ಷನ್ನಲ್ಲಿ ರಂಜನಿ ನನಗಿಂತ ಆರು ಸ್ಟ್ರೋಕ್ ಹಿಂದಿದ್ಲು. ಅಣ್ಣ ಬಂದು ಕೇಳಿದ್ರೆ ಆರೂ ಮಾಯ ಆಗ್ಬುಡ್ತವಾ?”

ಇಷ್ಟು ಹೇಳಿ ಅವಳು ಮುಂದಿನ ಚೆಂಡು ಇಡಲು ಬಗ್ಗಿದಳು. ವಸಿಷ್ಠ ಅವಳ ಮೇಲಿಂದ ಕಣ್ಣು ತೆಗೆಯದೆ, ಹಿಂದೆ ನಿಂತಿದ್ದ ಚೆಲುವಯ್ಯನ ಕಡೆಗೆ ಕೈ ಚಾಚಿದ.

“ಸೆವೆನ್.”

ಚೆಲುವಯ್ಯ ಏಳನೇ ನಂಬರಿನ ಸ್ಟಿಕ್ ಎಳೆದ, ಟವೆಲಿನಿಂದ ಹಿಡಿ ಒರೆಸಿದ, ಆ ಕೈಗಿಟ್ಟ. ಏನು ಕೊಟ್ಟೆನೆಂದು ಅವನಿಗೆ ಗೊತ್ತಾದದ್ದು ಕೊಟ್ಟ ಮೇಲೆ.

ಮೊದಲ ಏಟು ನೆಲಕ್ಕೆ ಊರಿದ್ದ ಧರಣಿಯ ಎಡ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದದ್ದು ಕೇಳಿಸಿತು. ಎರಡನೆಯದೂ ಅಲ್ಲಿಗೇ. ಚರ್ಮ ಹರಿದು ಬಿಳಿ ತುದಿ ಹೊರಬಂತು. ಅವಳು ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು.

ವಸಿಷ್ಠ ಏದುಸಿರು ಬಿಡುತ್ತ ನಿಂತ. ಆಮೇಲೆ, ಹೊಡೆದಾದ ಮೇಲೆ ಎಲ್ಲ ಮೆಂಬರುಗಳೂ ಮಾಡುವಂತೆ, ತಿರುಗಿ ನೋಡದೆ ಸ್ಟಿಕ್ಕನ್ನು ಹಿಂದಕ್ಕೆ ನೀಡಿದ.

ಚೆಲುವಯ್ಯ ತೆಗೆದುಕೊಂಡ. ಈ ಸಲ ಒರೆಸಲಿಲ್ಲ. ಮೊದಲು ಮಂಡಿಗೆ ಹೊಡೆದ. ವಸಿಷ್ಠ ಬಿದ್ದ ಮೇಲೆ ಬಾಯಿಗೆ ಹೊಡೆದ. ಹೊಡೆಯುವಾಗಲೂ ಒಂದೊಂದು ಏಟಿಗೆ “ಸಾರ್” ಅನ್ನುತ್ತಿದ್ದ. ಹುಲ್ಲು ಕತ್ತರಿಸುತ್ತಿದ್ದ ಮೂವರು ಮಾಲಿಗಳು ಓಡಿಬಂದು ಅವನನ್ನು ಕೆಡವಿ, ಬೆನ್ನ ಮೇಲೆ ಕೂತರು.

ರಂಜನಿಯೂ ಹೋಗಲಿಲ್ಲ. ಪೊಲೀಸ್ ಕೇಸಿನ ಮನೆಯವಳು ಬೇಡವೆಂದು ಆಯ್ಕೆದಾರರು ಐದನೆಯವಳನ್ನು ಕಳಿಸಿದರು.

ಹೋದದ್ದು ಇಷ್ಟು: ಧರಣಿಯ ಮಣಿಕಟ್ಟಿನ ಎಲುಬು ಎರಡು. ವಸಿಷ್ಠನ ಹಲ್ಲು ನಾಲ್ಕು, ಮಂಡಿಚಿಪ್ಪು ಒಂದು. ಚೆಲುವಯ್ಯನ ಮೂವತ್ತೊಂದು ವರ್ಷದ ಕೆಲಸ. ತಂಡದಲ್ಲಿ ಒಂದು ಜಾಗ.