ಒತ್ತಿದ್ದು ತಿಳಿಯಬೇಕು

ಮಗಳ ಕೆಲಸವನ್ನು ಅಪ್ಪ ನೆಂಟರಿಷ್ಟರಿಗೆಲ್ಲ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ಕಂಪ್ಯೂಟರಿಗೆ ಬಣ್ಣ ಹಚ್ತಾಳೆ." ಕೇಳಿದಾಗೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಆದರೆ ಮೂವತ್ತೈದು ವರ್ಷ ಲಿಫ್ಟುಗಳ ನೆತ್ತಿಯ ಮೇಲೆ ಕೂತು ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ಕಿಗೆ, ಕೈ ಕೊಳೆಯಾಗದ ಕೆಲಸ ಕೆಲಸವೆಂದು ಒಪ್ಪಿಸುವುದು ಹೇಗೆ?

ಅವಳ ಕಂಪನಿ ತಯಾರಿಸಿದ ಹೊಸ ಡೆಸ್ಕ್‌ಟಾಪಿಗೆ ಡೀಫಾಲ್ಟ್ ಥೀಮ್, ಅಂದರೆ ಪರದೆಯ ಬಣ್ಣ ಮತ್ತು ಬಟನ್ನುಗಳ ರೂಪ, ಆರಿಸುವ ದಿನ ಬಂತು. ಯಂತ್ರ ಕೊಂಡಾಗ ಇದ್ದ ಬಣ್ಣವನ್ನು ಹೆಚ್ಚಿನವರು ಕೊನೆಯತನಕ ಬದಲಾಯಿಸುವುದೇ ಇಲ್ಲ. ಹಾಗಾಗಿ ಗೆದ್ದ ಥೀಮಿನ ಮುಂದೆ ಲಕ್ಷಾಂತರ ಜನ ಬದುಕಬೇಕು. ಕಣದಲ್ಲಿ ಎರಡಿದ್ದವು. ಒಂದು ಅವಳದು, ಎರಡು ವರ್ಷದ ದುಡಿಮೆ. ಇನ್ನೊಂದು ಅವಳ ಮೇಲಧಿಕಾರಿಯದು. ಗೋಡೆ, ಮೇಜು, ಪರದೆ ಎಲ್ಲವೂ ಬೆಳ್ಳಗಿರಬೇಕೆನ್ನುವ ಆತನಿಗೆ ಬೆನ್ನ ಹಿಂದೆ ಬಿಳಿಯಪ್ಪ ಎಂದೇ ಹೆಸರು.

ಅಲ್ಲಿ ಪರೀಕ್ಷೆಗೊಂದು ಪದ್ಧತಿ. ತಂಡದ ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನು ಕರೆತರಬೇಕು, ಯಾವ ಥೀಮ್ ಯಾರದೆಂದು ಬಾಯಿ ಬಿಡಕೂಡದು, ಗಾಜಿನ ಹಿಂದೆ ತೆಪ್ಪಗೆ ನಿಂತು ನೋಡಬೇಕು.

ಇಸ್ತ್ರಿ ಅಂಗಿ ತೊಟ್ಟು ಬಂದ ಅಪ್ಪ ಮೊದಲ ಥೀಮಿನಲ್ಲಿ ಎರಡು ಸಾಲು ಟೈಪು ಮಾಡಿ ಪ್ರಿಂಟ್ ಬಟನ್ ಒತ್ತಿದರು. ಪರದೆ ಕಮಕ್ ಕಿಮಕ್ ಎನ್ನಲಿಲ್ಲ. ಮತ್ತೆ ಒತ್ತಿದರು. ನಾಲ್ಕನೆಯ ಸಲ ಒತ್ತಿ, ಬಗ್ಗಿ, ಕಂಪ್ಯೂಟರಿನ ಡಬ್ಬಕ್ಕೆ ಕಿವಿಯಾನಿಸಿದರು. ಗಾಜಿನ ಹಿಂದೆ ತಂಡದ ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಪಕ್ಕದ ಕೋಣೆಯಲ್ಲಿ ಪ್ರಿಂಟರು ನಾಲ್ಕು ಪ್ರತಿ ಉಗುಳಿತ್ತು.

ಎರಡನೆಯದರಲ್ಲಿ ಮೌಸಿನ ಬಾಣ ಹತ್ತಿರ ಬಂದೊಡನೆ ಬಟನ್ನಿನ ಬಣ್ಣ ತಿಳಿಯಾಯಿತು. ಒತ್ತಿದೊಡನೆ ಬಣ್ಣ ಗಾಢವಾಗಿ, ಬಟನ್ ಒಂದೆಳೆಯಷ್ಟು ಕೆಳಗಿಳಿಯಿತು. ಪಕ್ಕದಲ್ಲಿ 'ಕಳಿಸುತ್ತಿದೆ' ಎಂಬ ಅಕ್ಷರಗಳು ಮೂಡಿದವು. ಅಪ್ಪ ಮೌಸ್ ಬಿಟ್ಟು, ಕೈಕಟ್ಟಿ, ಹಿಂದಕ್ಕೊರಗಿ ಕೂತರು. ಮಗಳು ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು. ರಿಪೇರಿ ಮುಗಿಸಿದ ಲಿಫ್ಟಿನ ಮುಂದೆ ಅವರು ಹೀಗೇ ಕೈಕಟ್ಟಿ ನಿಲ್ಲುತ್ತಿದ್ದರು.

"ಹೇಗನ್ನಿಸ್ತು?" ಒಳಬಂದ ಬಿಳಿಯಪ್ಪ ಕೇಳಿದ.

"ಲಿಫ್ಟಿನ ಬಟನ್ ಒತ್ತಿದಾಗ ದೀಪ ಹತ್ಲಿಲ್ಲ ಅಂದ್ರೆ ಜನ ಹತ್ತು ಸಲ ಕುಟ್ತಾರೆ ಸ್ವಾಮಿ. ಲಿಫ್ಟೇನೋ ಬರ್ತಾ ಇರುತ್ತೆ, ಆದ್ರೆ ಅವರಿಗೆ ಗೊತ್ತಾಗ್ಬೇಕಲ್ಲ. ಮೊದಲನೇದು ನೋಡೋಕೆ ಲಕ್ಷಣವಾಗಿದೆ, ಮಾತಾಡ್ಸಿದ್ರೆ ಮುಖ ತಿರುಗಿಸ್ಕೊಳ್ಳುತ್ತೆ."

ಬಿಳಿಯಪ್ಪ ಕೈಯಲ್ಲಿದ್ದ ಪಟ್ಟಿ ನೋಡಿದ. ಬಂದ ಹನ್ನೆರಡು ಜನರಲ್ಲಿ ಒಂಬತ್ತು ಜನ ಅವನ ಬಟನ್ ಕುಟ್ಟಿದ್ದರು. ಅವನ ಹೆತ್ತ ತಾಯಿಯೇ ಏಳು ಸಲ ಒತ್ತಿದ್ದರು. ಹಟಮಾರಿಯಾದರೂ ಆತ ನ್ಯಾಯವಂತ.

"ಎರಡನೇದೇ ಇರ್ಲಿ," ಎಂದ.

"ಅದನ್ನ ಮಾಡಿದವರನ್ನ ಸ್ವಲ್ಪ ಕರೀತೀರಾ?" ಅಪ್ಪ ಎದ್ದರು. "ಕೈ ಕುಲುಕಿ ಹೊರಡ್ತೀನಿ."

ಗಾಜಿನ ಬಾಗಿಲು ತೆಗೆದುಕೊಂಡು ಮಗಳು ಬಂದಳು. ಅಪ್ಪ ಅವಳ ಹಿಂದೆ ಇನ್ನಾರಾದರೂ ಬರುತ್ತಾರೇನೋ ಎಂದು ಇಣುಕಿದರು. ಯಾರೂ ಬರಲಿಲ್ಲ.

ನಿವೃತ್ತರಾಗಿ ಆರು ವರ್ಷವಾಗಿತ್ತು, ಅಂಗೈಯಲ್ಲಿ ಗ್ರೀಸಿನ ಸುಳಿವಿರಲಿಲ್ಲ. ಆದರೂ ಹಳೆಯ ಅಭ್ಯಾಸದಂತೆ ಕೈಯನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು ಮುಂದೆ ಚಾಚಿದರು. ಒಬ್ಬ ಮೆಕ್ಯಾನಿಕ್ ಇನ್ನೊಬ್ಬ ಮೆಕ್ಯಾನಿಕ್ಕಿಗೆ ಚಾಚುವ ಹಾಗೆ. ಅವಳು ಆ ಕೈಯನ್ನು ಹಿಡಿದಳು.

"ಬಣ್ಣ ಹಚ್ತಾಳೆ ಅಂತ ಎಲ್ಲರ ಹತ್ರನೂ ಹೇಳ್ಕೊಂಡು ಬಂದಿದೀನಲ್ಲೇ," ಎಂದರು ಅಪ್ಪ. "ಇನ್ನು ಒಬ್ಬೊಬ್ಬರಿಗೂ ಫೋನ್ ಮಾಡ್ಬೇಕು."

ಮೊದಲ ಫೋನನ್ನು ಅವರು ಕೆಳಗಿಳಿಯುವ ಲಿಫ್ಟಿನೊಳಗಿಂದಲೇ ದೊಡ್ಡಪ್ಪನಿಗೆ ಮಾಡಿದರು.