ಕೆಂಪುಕೋಟೆಗೆ ಕುಂಕುಮ

ಗಣರಾಜ್ಯದ ಮೊದಲ ದಿನಕ್ಕೆ ಶಾಲೆಯ ಅಂಗಳದಲ್ಲಿ ದಿಲ್ಲಿಯ ಕೆಂಪುಕೋಟೆಯ ರಂಗೋಲಿ ಹಾಕಿಸುತ್ತೇನೆಂದು ಕಮಿಟಿಯವರ ಮುಂದೆ ಒಪ್ಪಿಕೊಂಡುಬಿಟ್ಟೆ. ಕುರುಗೋಡಿನ ಹೆಣ್ಣುಮಕ್ಕಳ ಶಾಲೆಗೆ ನಾನೊಬ್ಬಳೇ ಟೀಚರು. ನಾನು ಗೆರೆ ಎಳೆದರೆ ಕೋಳಿ ಕೆದರಿದ ಹಾಗಿರುತ್ತದೆ. ರಂಗೋಲಿಯ ಕೈ ಇದ್ದದ್ದು ನಮ್ಮ ಸೋದರತ್ತೆ ತುಳಸಮ್ಮನಿಗೆ. ಆದರೆ ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ತವರಿನ ಅಡಿಗೆಮನೆ ಸೇರಿದವಳು. ಅಂಥವರು ರಂಗೋಲಿ ಹಿಡಿಯುವಂತಿಲ್ಲ. ಕೆಂಪು ಸೀರೆ ಉಡಬಹುದು, ಕೆಂಪು ಕುಂಕುಮ ಮುಟ್ಟಬಾರದು. ಯಾವ ಶಾಸ್ತ್ರವೋ, ನೆನೆದರೇ ನನಗೆ ಮೈ ಉರಿಯುತ್ತದೆ.

"ಅತ್ತಿ, ಇದು ಬಾಗಿಲ ಮುಂದಿನ ರಂಗೋಲಿ ಅಲ್ಲ, ಚಿತ್ರ. ಬರ್ತೀಯೇನು?" ಎಂದು ಪತ್ರಿಕೆಯಲ್ಲಿ ಬಂದಿದ್ದ ಪಟ ಕೊಟ್ಟೆ.

ಅವಳು ಅದನ್ನು ಬೆಳಕಿಗೆ ಹಿಡಿದು, "ಪದ್ಮಾ, ಗುಡ್ಡ ಎಲ್ಲದ?" ಎಂದಳು. ಬಳ್ಳಾರಿಯಲ್ಲಿ ಸಂಸಾರ ಮಾಡಿದವಳಿಗೆ ಬಂಡೆಗುಡ್ಡದ ಮೇಲಿರದ ಕೋಟೆ ಕೋಟೆಯೇ ಅಲ್ಲ. ಆ ದಿನವೆಲ್ಲ ಅವಳು ಕೂತಲ್ಲಿ ಕೂರಲಿಲ್ಲ. ಬೇಳೆ ಆರಿಸುತ್ತ ಮೊರದಲ್ಲೇ ಬುರುಜು ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಅಪ್ಪನಿಗೆ ಹೇಳಲಿಲ್ಲ. ಕಮಿಟಿಯ ಅಧ್ಯಕ್ಷರೂ ಅಪ್ಪನೇ, ತಂಗಿಯ ತಲೆ ಬೋಳಿಸುವಾಗ ಪಕ್ಕದಲ್ಲಿ ನಿಂತವರೂ ಅಪ್ಪನೇ.

ಮರುದಿನ ಬೆಳಿಗ್ಗೆ ಶಾಲೆಯ ಆಳು ಹುಲುಗಮ್ಮ ಅಂಗಳ ಸಾರಿಸಿ, ಇಟ್ಟಂಗಿ ಕುಟ್ಟಿ ಕೆಂಪು ಪುಡಿ ಮಾಡಿಟ್ಟಿದ್ದಳು. ಅಪ್ಪ ಏಳುವ ಮೊದಲೇ ಅತ್ತೆಯನ್ನು ಕರೆತಂದು, ನಾನು ಹಗ್ಗ ಹಿಡಿದು ಅಳತೆ ಹಾಕಿಕೊಟ್ಟೆ. ಅತ್ತೆ ಅದನ್ನು ನೋಡಲೂ ಇಲ್ಲ. ಮೊದಲು ಒಂದು ಬುರುಜು ಬರೆದಳು. ಆಮೇಲೆ ಬುರುಜಿನ ಪಕ್ಕ ಬುರುಜು, ಗೋಡೆಯ ಪಕ್ಕ ಗೋಡೆ; ಕೋಟೆ ಬೆಳೆದು ಧ್ವಜದ ಕಂಬದ ಬುಡಕ್ಕೆ ಬಂತು. "ಸಾಕು ಅತ್ತಿ" ಅಂದರೆ ಕೇಳುವವರು ಯಾರು? ಬರಗೆಟ್ಟವರು ಉಣ್ಣುವ ಹಾಗೆ ಬರೆಯುತ್ತಿದ್ದಳು.

ಕಡೆಗೆ ದೊಡ್ಡ ಬಾಗಿಲಿಗೆ ತುಂಬಲು ಪುಡಿಯೇ ಉಳಿಯಲಿಲ್ಲ.

"ಇಟ್ಟಂಗಿ ಪುಡಿ ತೀರೇತ್ರೀ. ಬಂದ ಹೆಣ್ಮಕ್ಕಳಿಗೆ ಹಚ್ಚಾಕ ತಂದ ಕುಂಕುಮ ಐತಿ, ತರ್ಲೇನ್ರೀ?" ಎಂದ ಹುಲುಗಮ್ಮ ಉತ್ತರಕ್ಕೂ ಕಾಯದೆ ಬಟ್ಟಲು ತಂದು ಅತ್ತೆಯ ಮುಂದಿಟ್ಟಳು. ನಾನು ತುಂಬೋಣವೆಂದು ಬಗ್ಗುವಷ್ಟರಲ್ಲಿ ಅತ್ತೆ ಮುಷ್ಟಿ ತುಂಬ ತೆಗೆದುಕೊಂಡಿದ್ದಳು.

ಅದೇ ಹೊತ್ತಿಗೆ ಅಪ್ಪ ಕಮಿಟಿಯವರ ಜೊತೆ ಬಂದರು. ಅವರ ಕಣ್ಣು ಕೋಟೆಯ ಮೇಲೆ ನಿಲ್ಲಲಿಲ್ಲ, ನೇರ ಅತ್ತೆಯ ಕೈಗೆ ಹೋಯಿತು. ಪೊರಕೆ ಹುಲುಗಮ್ಮನ ಕೈಯಲ್ಲೇ ಇತ್ತು. ಅಪ್ಪನ ಒಂದು ಮಾತಿಗೆ ಎಲ್ಲ ಅಳಿಸಿಹೋಗುತ್ತಿತ್ತು.

"ತುಳಸೀ, ಏನದು ಕೈಯಾಗ?"

ಅತ್ತೆ ಏಳಲಿಲ್ಲ. "ಹಣಿಗೆ ಹಚ್ಚಿಕೊಂಡಿಲ್ಲಣ್ಣಾ, ಕ್ವಾಟಿಗೆ ಹಚ್ಚೀನಿ," ಎಂದು ಬಾಗಿಲು ತುಂಬುತ್ತಲೇ ಇದ್ದಳು.

ಅಪ್ಪ ಕಂಬದ ಕಡೆ ತಿರುಗಿದರು. ಕೋಟೆ ತುಳಿಯದೆ ನೇರ ಹೋಗಲು ದಾರಿ ಇರಲಿಲ್ಲ. ಕೊನೆಗೆ ಪಂಚೆ ಎತ್ತಿ ಹಿಡಿದು, ಕಾಂಪೌಂಡಿನ ಗುಂಟ, ಒಂದು ಗೆರೆಯೂ ಕೆಡದ ಹಾಗೆ ಸುತ್ತಿ ಹೋಗಿ ಧ್ವಜ ಏರಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ದೇಶದ ಮೇಲಿನ ಪ್ರೀತಿಗೆ ಅಳುತ್ತಿದ್ದಾಳೆ ಅಂದುಕೊಂಡರು ಎಲ್ಲರೂ.

ಮನೆಗೆ ಬಂದ ಮೇಲೆ ಹಿತ್ತಿಲಲ್ಲಿ ಅತ್ತೆಯ ಕೈಗೆ ನೀರು ಹಾಕಲು ತಂಬಿಗೆ ಎತ್ತಿದೆ. ಅವಳು ಕೆಂಪಾದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇರ್ಲಿ ಬಿಡು. ಊಟಕ್ಕ ಇನ್ನೂ ಹೊತ್ತದ."